ಮಕ್ಕಳ ಪ್ರವಾಸ: ಬೆರಗು ಲೇಸೋ, ಕೂಡಿ ಯೋಜಿಸುವುದು ಲೇಸೋ?

ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಈಚಿನ ದಶಕಗಳಲ್ಲಿ ಒಂದು ವಿಚಿತ್ರವಾದ ಗೃಹಸಂಪ್ರದಾಯ ಬೆಳೆದುಬಂದಿದೆ. ತಂದೆತಾಯಿಗಳು ಮಕ್ಕಳಿಗೆ ಸುಳಿವು ಕೊಡದೆ ತಿಂಗಳುಗಟ್ಟಲೆ ಹಣ ಕೂಡಿಡುತ್ತಾರೆ. ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೋ ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡ್‌ಗೋ ಗುಟ್ಟಾಗಿ ಟಿಕೆಟ್ಟು ಕೊಳ್ಳುತ್ತಾರೆ. ಹೊರಡುವ ದಿನ ಮಕ್ಕಳನ್ನು ಶಾಲೆಗೆಂದು ಎಬ್ಬಿಸಿ, ವಿಮಾನನಿಲ್ದಾಣದ ದಾರಿಯಲ್ಲಿಯೋ ಉದ್ಯಾನದ ಹೆಬ್ಬಾಗಿಲಿನ ಎದುರಿಗೋ ಗುಟ್ಟನ್ನು ಬಯಲು ಮಾಡುತ್ತಾರೆ. ಆ ಗಳಿಗೆಯಲ್ಲಿ ಮಕ್ಕಳ ಮುಖದ ಮೇಲೆ ಮೂಡುವ ಬೆರಗನ್ನು ಕ್ಯಾಮೆರಾದಲ್ಲಿ ಹಿಡಿದು ಲೋಕಕ್ಕೆಲ್ಲ ತೋರಿಸುವುದೂ ಉಂಟು. ಅದೇ ನಾಡಿನ ಬೇರೆ ಮನೆಗಳಲ್ಲಿ ಇದಕ್ಕೆ ತೀರ ವಿರುದ್ಧವಾದ ಪದ್ಧತಿಯಿದೆ. ಊಟದ ಮೇಜಿನ ಮೇಲೆ ಉದ್ಯಾನದ ನಕ್ಷೆಯನ್ನು ಹರಡಿ, ಹಿರಿಯರು ಕಿರಿಯರೆಲ್ಲರೂ ಸುತ್ತ ಕುಳಿತು, ಯಾವ ದಿನ ಎಲ್ಲಿಗೆ, ಯಾವ ಆಟಕ್ಕೆ ಮೊದಲು, ಎಷ್ಟು ಖರ್ಚು ಎಂದು ವಾರಗಟ್ಟಲೆ ಲೆಕ್ಕ ಹಾಕುತ್ತಾರೆ.

ಇವೆರಡರಲ್ಲಿ ಯಾವುದು ಮೇಲು? ಇದು ಮನೆಮನೆಯ ಅಭಿರುಚಿಗೆ ಬಿಟ್ಟ ಮಾತು, ಇದರಲ್ಲಿ ವಿಜ್ಞಾನಕ್ಕೇನು ಕೆಲಸ ಎಂದು ಓದುಗರು ಕೇಳಬಹುದು. ಆದರೆ ನಿರೀಕ್ಷೆ, ಬೆರಗು, ನೆನಪು ಎಂಬ ಮೂರು ಮನೋವ್ಯಾಪಾರಗಳನ್ನು ಕುರಿತು ಕಳೆದ ನಾಲ್ಕು ದಶಕಗಳಲ್ಲಿ ಮನಶ್ಶಾಸ್ತ್ರಜ್ಞರೂ ಮಿದುಳಿನ ತಜ್ಞರೂ ಗಣನೀಯವಾದ ಪ್ರಯೋಗಗಳನ್ನು ನಡೆಸಿದ್ದಾರೆ. ಅವುಗಳ ಬೆಳಕಿನಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ಸಾಧ್ಯ, ಉಪಯುಕ್ತವೂ ಹೌದು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಬುದ್ಧಿ ಬಲಿಯುತ್ತಿರುವ ಮಕ್ಕಳೊಡನೆ ಕೂಡಿ ಯೋಜಿಸುವುದೇ ಲೇಸು, ಬೆರಗಿಗೆ ಆ ಯೋಜನೆಯ ಒಳಗೇ ಸಾಕಷ್ಟು ಎಡೆಯುಂಟು.

ಮೊದಲು ಆ ಸ್ಥಳಗಳ ಚರಿತ್ರೆಯನ್ನೇ ನೋಡೋಣ. ವಾಲ್ಟ್ ಡಿಸ್ನಿ ಕಟ್ಟಿಸಿದ ಡಿಸ್ನಿಲ್ಯಾಂಡ್ ತೆರೆದದ್ದು ೧೯೫೫ರ ಜುಲೈ ೧೭ರಂದು. ಆದರೆ ಅದಕ್ಕೆ ಸುಮಾರು ಒಂಬತ್ತು ತಿಂಗಳು ಮುಂಚೆ, ೧೯೫೪ರ ಅಕ್ಟೋಬರ್ ೨೭ರಂದು, ಅದೇ ಹೆಸರಿನ ಟೆಲಿವಿಷನ್ ಕಾರ್ಯಕ್ರಮವೊಂದು ಪ್ರಾರಂಭವಾಗಿತ್ತು. ಇನ್ನೂ ಕಟ್ಟಡವೇಳದ ಉದ್ಯಾನದಲ್ಲಿ ಮುಂದೆ ಏನೇನು ಬರಲಿದೆಯೆಂಬುದನ್ನು ಅದು ಮನೆಮನೆಯ ಮಕ್ಕಳಿಗೆ ತೋರಿಸಿತು. ನಮ್ಮಲ್ಲಿ 'ಕೂಸು ಹುಟ್ಟುವ ಮುಂಚೆ ಕುಲಾವಿ' ಎಂದು ಹಾಸ್ಯ ಮಾಡುವುದುಂಟಷ್ಟೆ. ಡಿಸ್ನಿಯವರು ಆ ಕುಲಾವಿಯನ್ನು ಹೊಲಿದು ತೋರಿಸಿಯೇ ಕೂಸಿಗಾಗಿ ಇಡೀ ದೇಶ ಕಾಯುವಂತೆ ಮಾಡಿದರು. ಬಾಗಿಲು ತೆರೆದಾಗ ಒಳಗೆ ನುಗ್ಗಿದ ಮಕ್ಕಳಲ್ಲಿ ಎಷ್ಟೋ ಮಂದಿ ಆ ಸ್ಥಳವನ್ನು ಮನಸ್ಸಿನಲ್ಲಿ ಆಗಲೇ ಹಲವು ಬಾರಿ ಸುತ್ತಿಬಂದಿದ್ದರು. ಅದರಿಂದ ಅವರ ಸಂತೋಷ ಕುಗ್ಗಿತೆಂದು ಯಾರೂ ಹೇಳಲಾರರು.

ನಿರೀಕ್ಷೆಯೆಂಬುದು ಬರಿಯ ಕಾಯುವಿಕೆಯಲ್ಲ, ಅದೇ ಒಂದು ಬಗೆಯ ಭೋಗ ಎಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಲೋವೆನ್‌ಸ್ಟೈನ್ ೧೯೮೭ರಲ್ಲಿ ಒಂದು ವಿನೋದಮಯವಾದ ಪ್ರಶ್ನೆಯಿಂದ ತೋರಿಸಿದನು. ನಿಮಗೆ ಮೆಚ್ಚಾದ ಸಿನಿಮಾ ತಾರೆಯ ಚುಂಬನವೊಂದು ದೊರೆಯುವಂತಿದ್ದರೆ ಅದಕ್ಕೆ ಎಷ್ಟು ಹಣ ಕೊಡುವಿರಿ, ಎಂದು ಅವನು ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದನು. ಈಗಲೇ ದೊರೆಯುವುದಾದರೆ ಎಷ್ಟು, ಮೂರು ಗಂಟೆಗಳ ನಂತರವಾದರೆ ಎಷ್ಟು, ಒಂದು ದಿನ, ಮೂರು ದಿನ, ಒಂದು ವರ್ಷ, ಹತ್ತು ವರ್ಷಗಳ ನಂತರವಾದರೆ ಎಷ್ಟು? ಸಾಮಾನ್ಯ ಅರ್ಥಶಾಸ್ತ್ರದ ಪ್ರಕಾರ ಸುಖ ಬೇಗ ದೊರೆತಷ್ಟೂ ಅದಕ್ಕೆ ಬೆಲೆ ಹೆಚ್ಚು. ಆದರೆ ವಿದ್ಯಾರ್ಥಿಗಳು ಅತಿ ಹೆಚ್ಚಿನ ಬೆಲೆ ಕಟ್ಟಿದ್ದು ಮೂರು ದಿನಗಳ ನಂತರ ಬರುವ ಚುಂಬನಕ್ಕೆ! ಆ ಮೂರು ದಿನ ಅದನ್ನು ನೆನೆನೆನೆದು ಸವಿಯುವ ಅವಕಾಶಕ್ಕೂ ಅವರು ಬೆಲೆ ಕೊಟ್ಟರೆಂಬುದು ಸ್ಪಷ್ಟ. ಹತ್ತು ವರ್ಷವೆಂದಾಗ ಬೆಲೆ ಇಳಿದುಹೋಯಿತು. ನಿರೀಕ್ಷೆಗೂ ಒಂದು ಹದವುಂಟು ಎಂಬುದನ್ನು ಇದರಿಂದ ಗಮನಿಸಬೇಕು.

ಪ್ರವಾಸಗಳನ್ನೇ ಕುರಿತು ನಡೆದ ಅಧ್ಯಯನಗಳೂ ಇವೆ. ನೆದರ್ಲೆಂಡ್ಸ್ ದೇಶದಲ್ಲಿ ೧,೫೩೦ ಮಂದಿ ವಯಸ್ಕರ ಸುಖಭಾವನೆಯನ್ನು ಪರೀಕ್ಷಿಸಿದ ಒಂದು ಸಂಶೋಧನೆ ೨೦೧೦ರಲ್ಲಿ ಪ್ರಕಟವಾಯಿತು. ಅವರಲ್ಲಿ ೯೭೪ ಮಂದಿ ರಜೆಯಲ್ಲಿ ಪ್ರವಾಸ ಹೋಗಿಬಂದವರು. ಪ್ರವಾಸಕ್ಕೆ ಹೊರಡಲಿರುವವರು ಹೋಗದವರಿಗಿಂತ ಹೆಚ್ಚು ಸಂತೋಷದಿಂದಿದ್ದರು. ಹಿಂದಿರುಗಿದ ಮೇಲಾದರೋ, ಅತ್ಯಂತ ವಿಶ್ರಾಂತಿಕರವಾದ ಪ್ರವಾಸ ಮಾಡಿದ ಕೆಲವರನ್ನು ಬಿಟ್ಟರೆ, ಹೋದವರಿಗೂ ಹೋಗದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಅಮೆರಿಕದ ಕೆಲವು ಸಂಶೋಧಕರು ೧೯೯೭ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಯೂರೋಪಿನ ಪ್ರವಾಸಕ್ಕೂ ಕ್ಯಾಲಿಫೋರ್ನಿಯದಲ್ಲಿ ಸೈಕಲ್ ಯಾತ್ರೆಗೂ ಹೋದವರನ್ನು ಮುಂಚೆ, ನಡುವೆ, ಅನಂತರ, ಹೀಗೆ ಮೂರು ಕಾಲಗಳಲ್ಲಿಯೂ ಪ್ರಶ್ನಿಸಲಾಯಿತು. ಹೋಗುವ ಮುಂಚಿನ ಕಲ್ಪನೆಯೂ ಬಂದ ಮೇಲಿನ ನೆನಪೂ ಪ್ರವಾಸದ ನಡುವಿನ ಅನುಭವಕ್ಕಿಂತ ಸೊಗಸಾಗಿದ್ದುವು. ನಡುವೆ ಮಳೆ, ಆಯಾಸ, ಕಾಲುನೋವು, ನಿರಾಶೆಗಳು ಇದ್ದೇ ಇರುತ್ತವೆಯಲ್ಲವೇ?

ಈ ಎರಡು ಅಧ್ಯಯನಗಳೂ ವಯಸ್ಕರನ್ನು ಕುರಿತವು. ಮಕ್ಕಳಿಗೆ ಅವುಗಳನ್ನು ಇದ್ದಕ್ಕಿದ್ದಂತೆಯೇ ಅನ್ವಯಿಸಬಾರದು. ಆದರೂ ಒಂದು ಮಾತನ್ನು ಹೇಳಬಹುದು. ಪ್ರವಾಸದ ಸುಖಕ್ಕೆ ಮೂರು ಭಾಗಗಳಿವೆ: ಎದುರುನೋಡುವ ಸುಖ, ಅನುಭವಿಸುವ ಸುಖ, ನೆನೆಯುವ ಸುಖ. ಕಡೆಯ ಗಳಿಗೆಯವರೆಗೆ ಗುಟ್ಟನ್ನು ಕಾಯುವ ತಂದೆತಾಯಿಗಳು ಮೊದಲನೆಯ ಭಾಗವನ್ನು ಮಕ್ಕಳಿಗೆ ಇಲ್ಲದಂತೆ ಮಾಡಿ, ತಾವು ಮಾತ್ರ ಅದನ್ನು ತಿಂಗಳುಗಟ್ಟಲೆ ಅನುಭವಿಸುತ್ತಾರೆ. ಮಕ್ಕಳು ಹೇಗೆ ಕುಣಿದಾಡಿಯಾರು ಎಂದು ಊಹಿಸಿಕೊಳ್ಳುವುದೇ ಅವರಿಗೊಂದು ಹಬ್ಬ.

ಆದರೆ ಬೆರಗಿನ ಪಕ್ಷದವರ ಮಾತನ್ನೂ ನ್ಯಾಯವಾಗಿ ಕೇಳಬೇಕು. ಅವರ ಪರವಾಗಿ ಮಿದುಳಿನ ವಿಜ್ಞಾನವೇ ಸಾಕ್ಷಿ ಹೇಳುವಂತೆ ತೋರುತ್ತದೆ. ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮಿದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳನ್ನು ಪರೀಕ್ಷಿಸಿದನು. ಕೋತಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸದ ತೊಟ್ಟೊಂದು ದೊರೆತಾಗ ಆ ಕೋಶಗಳು ಫಕ್ಕನೆ ಚುರುಕಾದುವು. ರಸಕ್ಕೆ ಮುಂಚೆ ಒಂದು ಸಂಕೇತ ಬರುತ್ತದೆಂಬುದನ್ನು ಕೋತಿ ಕಲಿತ ಮೇಲೆ, ಅವು ಚುರುಕಾಗುತ್ತಿದ್ದುದು ಸಂಕೇತ ಬಂದಾಗ; ರಸ ಬಂದಾಗ ವಿಶೇಷವೇನೂ ಇಲ್ಲ. ಸಂಕೇತ ಬಂದೂ ರಸ ಬಾರದಿದ್ದರೆ, ಬರಬೇಕಾಗಿದ್ದ ಆ ಕ್ಷಣದಲ್ಲಿ ಕೋಶಗಳು ಎಂದಿಗಿಂತ ಮಂದವಾದುವು. ಪೀಟರ್ ಡಯಾನ್, ರೀಡ್ ಮಾಂಟಾಗ್ಯೂ ಎಂಬ ಇನ್ನಿಬ್ಬರೊಡನೆ ಅವನು ೧೯೯೭ರಲ್ಲಿ ಪ್ರಕಟಿಸಿದ ಲೇಖನ ಬಹು ಪ್ರಸಿದ್ಧವಾಗಿದೆ. ದೊರೆತದ್ದಕ್ಕೂ ನಿರೀಕ್ಷಿಸಿದ್ದಕ್ಕೂ ಇರುವ ಅಂತರವನ್ನು ಆ ಕೋಶಗಳು ಅಳೆಯುತ್ತವೆ ಎಂಬುದು ಅದರ ಸಾರಾಂಶ.

ಹಾಗಾದರೆ, ನಿರೀಕ್ಷೆಯೇ ಇಲ್ಲದವನಿಗೆ ದೊರೆತ ಬಹುಮಾನ ಎಲ್ಲಕ್ಕಿಂತ ಹಿರಿದಾಗಬೇಕಲ್ಲವೇ? ಮುಂಚೆಯೇ ಹೇಳಿ, ಆಮೇಲೆ ಜ್ವರವೋ ಬಿರುಗಾಳಿಯೋ ಬಂದು ಪ್ರವಾಸ ನಿಂತರೆ ಮಕ್ಕಳ ನಿರಾಶೆ ಹೇಳತೀರದಲ್ಲವೇ? ಈ ಎರಡು ಆಕ್ಷೇಪಗಳಲ್ಲಿಯೂ ಹುರುಳಿದೆ. ಆದರೆ ಸ್ವಲ್ಪ ವಿಚಾರಮಾಡಿದರೆ ಅವುಗಳ ಮಿತಿಯೂ ತಿಳಿಯುತ್ತದೆ.

ಮೊದಲನೆಯದಾಗಿ, ಡೋಪಮೀನ್ ಕೋಶಗಳ ಚುರುಕನ್ನು ಸಂತೋಷವೆಂದೇ ಭ್ರಮಿಸಬಾರದು. ಬಯಸುವುದು ಬೇರೆ, ಸವಿಯುವುದು ಬೇರೆ, ಮಿದುಳಿನಲ್ಲಿ ಇವೆರಡಕ್ಕೂ ಬೇರೆ ಬೇರೆ ವ್ಯವಸ್ಥೆಗಳಿವೆ ಎಂದು ಕೆಂಟ್ ಬೆರಿಜ್ ಮೊದಲಾದವರು ತೋರಿಸಿದ್ದಾರೆ. ಎರಡನೆಯದಾಗಿ, ಬೆರಗೆಂಬುದು ಕ್ಷಣದ ಮಾತು. ಗುಟ್ಟು ಬಯಲಾದ ಕೆಲವು ನಿಮಿಷಗಳಲ್ಲಿ ಅದು ಮುಗಿಯುತ್ತದೆ. ಮುಂದಿನ ನಾಲ್ಕು ದಿನದ ಪ್ರವಾಸವನ್ನು ಅದು ಹೊರಲಾರದು. ಮೂರನೆಯದಾಗಿ, ಅದೇ ಪ್ರಯೋಗವನ್ನು ಇನ್ನೊಂದು ಕಡೆಯಿಂದ ನೋಡಿರಿ. ಸಂಕೇತವನ್ನು ಕಲಿತ ಕೋತಿಯ ನರಕೋಶಗಳಿಗೆ ಸಂಕೇತವೇ ಶುಭವಾರ್ತೆಯಾಯಿತು. 'ಮುಂದಿನ ತಿಂಗಳು ಹೊರಡುತ್ತೇವೆ' ಎಂಬ ಸುದ್ದಿಯೂ ಮಗುವಿಗೆ ಅಂಥದೊಂದು ಬೆರಗೇ. ಮುಂಚಿತವಾಗಿ ತಿಳಿಸುವುದರಿಂದ ಬೆರಗು ಇಲ್ಲವಾಗುವುದಿಲ್ಲ. ಒಂದು ತಿಂಗಳು ಮುಂಚೆಯೇ ಬರುತ್ತದೆ, ಬೆನ್ನಿಗೆ ನಿರೀಕ್ಷೆಯನ್ನೂ ಕರೆತರುತ್ತದೆ.

ನಿರಾಶೆಯ ಮಾತು ಇನ್ನೂ ಗಂಭೀರವಾದದ್ದು. ಪ್ರವಾಸ ನಡೆಯುವುದೇ ಸಂದೇಹವಾಗಿರುವಾಗ ಮಕ್ಕಳಲ್ಲಿ ಆಸೆ ಹುಟ್ಟಿಸುವುದು ಒಳ್ಳೆಯದಲ್ಲ. ಟಿಕೆಟ್ಟು ಕೈಸೇರುವವರೆಗೆ ಮೌನವಾಗಿರುವುದು ವಿವೇಕ. ಆದರೆ ಗುಟ್ಟು ನಿರಾಶೆಯನ್ನು ತಪ್ಪಿಸುತ್ತದೆಂದು ನಂಬುವವರು ಅದೇ ಹೊಸ ನಿರಾಶೆಗೆ ದಾರಿಯಾಗಬಹುದೆಂಬುದನ್ನು ಮರೆಯುತ್ತಾರೆ. ಫ್ಲಾರಿಡಾದ ಉದ್ಯಾನದಲ್ಲಿ ೧೯೭೫ರಿಂದ ನಡೆಯುತ್ತಿರುವ 'ಸ್ಪೇಸ್ ಮೌಂಟನ್' ಎಂಬ ರೋಲರ್ ಕೋಸ್ಟರನ್ನು ತೆಗೆದುಕೊಳ್ಳಿರಿ. ಕತ್ತಲೆಯೊಳಗೆ ಓಡುವ ಆ ಬಂಡಿಯಲ್ಲಿ ಕೂರಲು ಕನಿಷ್ಠ ೧೧೨ ಸೆಂಟಿಮೀಟರ್ ಎತ್ತರವಿರಬೇಕು. ಹೆಬ್ಬಾಗಿಲಿಗೆ ಬಂದ ಮೇಲೆ ಸುದ್ದಿ ತಿಳಿದು, ಅಣ್ಣನ ಬೆನ್ನುಹತ್ತಿ ಓಡಿದ ಆರು ವರ್ಷದ ತಂಗಿಗೆ ಅಳತೆಗೋಲಿನ ಮುಂದೆ 'ನಿನಗೆ ಪ್ರವೇಶವಿಲ್ಲ' ಎನ್ನಿಸಿಕೊಳ್ಳುವುದು ಸಣ್ಣ ದುಃಖವಲ್ಲ. ಮನೆಯ ಗೋಡೆಯ ಮೇಲೆ ಮುಂಚೆಯೇ ಎತ್ತರ ಗುರುತು ಮಾಡಿ, 'ಇದು ಈ ಸಲ ಇಲ್ಲ, ಅದು ಉಂಟು' ಎಂದು ಹೇಳಿದ್ದರೆ ಆ ದುಃಖ ಮನೆಯಲ್ಲಿಯೇ ಕರಗುತ್ತಿತ್ತು. ಕತ್ತಲೆಗೆ ಅಂಜುವ ಮಗು ಆ ಅಂಜಿಕೆಯನ್ನು ಹೇಳಿಕೊಳ್ಳುವುದಕ್ಕೂ ಕೂಡಿ ಕುಳಿತ ಯೋಜನೆಯಲ್ಲಿಯೇ ಅವಕಾಶ ಹೆಚ್ಚು. ಹಠಾತ್ತನೆ ಬದಲಾಗುವ ದಿನಚರಿಯನ್ನು ತಾಳಲಾರದ ಮಕ್ಕಳೂ ಇದ್ದಾರೆ. ಆಟಿಸಂ ಇರುವ ಮಕ್ಕಳಲ್ಲಿ ಇದು ವಿಶೇಷವಾಗಿ ಕಾಣುತ್ತದೆ. ಏನಾಗಲಿದೆಯೆಂಬುದನ್ನು ಚಿತ್ರಗಳ ಮೂಲಕ ಮೊದಲೇ ತಿಳಿಸಿದರೆ ಅವರಿಗೆ ಎಷ್ಟೋ ಸಮಾಧಾನ.

ಇಲ್ಲಿ ವಯಸ್ಸಿನ ಮಾತು ಬರುತ್ತದೆ. 'ನಾಳೆ' ಎಂಬುದನ್ನು ಗ್ರಹಿಸುವ ಶಕ್ತಿ ಹುಟ್ಟಿನೊಡನೆ ಬಂದದ್ದಲ್ಲ. ಆಸ್ಟ್ರೇಲಿಯದ ಇಬ್ಬರು ಸಂಶೋಧಕರು ಮೂರು, ನಾಲ್ಕು, ಐದು ವರ್ಷದ ಮಕ್ಕಳನ್ನು ನಿನ್ನೆ ಏನು ಮಾಡಿದಿರಿ, ನಾಳೆ ಏನು ಮಾಡುವಿರಿ ಎಂದು ಕೇಳಿದ ಅಧ್ಯಯನ ೨೦೦೫ರಲ್ಲಿ ಪ್ರಕಟವಾಯಿತು. ಮೂರು ವರ್ಷದವರಲ್ಲಿ ಬಹುಮಂದಿ ಸರಿಯಾಗಿ ಉತ್ತರಿಸಲಾರದೆ ಹೋದರು. ನಾಲ್ಕೈದು ವರ್ಷದವರು ಹೆಚ್ಚು ಸಮರ್ಥರಾಗಿದ್ದರು. ಕಳೆದದ್ದನ್ನು ನೆನೆಯುವ ಶಕ್ತಿಯೂ ಬರುವುದನ್ನು ಊಹಿಸುವ ಶಕ್ತಿಯೂ ಜೊತೆಜೊತೆಯಾಗಿ ಬೆಳೆಯುತ್ತವೆ. ಆದುದರಿಂದ ಮೂರು ವರ್ಷದ ಮಗುವಿಗೆ ಒಂದು ತಿಂಗಳು ಮುಂಚೆ ತಿಳಿಸಿ ಪ್ರಯೋಜನವಿಲ್ಲ. ದಿನಕ್ಕೆ ಹತ್ತು ಸಲ 'ಈಗ ಹೋಗೋಣವೇ?' ಎಂದು ಅದು ಕೇಳಿದರೆ ತಪ್ಪು ಮಗುವಿನದಲ್ಲ. ಆರೇಳು ವರ್ಷದವರಿಗೆ ಒಂದೆರಡು ವಾರ ಮುಂಚೆ, ಹತ್ತು ದಾಟಿದವರಿಗೆ ಆರಂಭದಿಂದಲೇ ತಿಳಿಸಬೇಕೆಂಬುದು ನಮ್ಮ ಸೂಚನೆ. ಇದು ಶಾಸ್ತ್ರದ ಕಟ್ಟಳೆಯಲ್ಲ. ಮಗುವನ್ನು ಬಲ್ಲ ತಂದೆತಾಯಿಗಳು ಇದನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು.

ಕೂಡಿ ಯೋಜಿಸುವುದೆಂದರೆ ಎಲ್ಲವನ್ನೂ ಮಕ್ಕಳ ಇಷ್ಟಕ್ಕೆ ಬಿಡುವುದೇ? ಹಾಗಲ್ಲ. ಈ ವಿಷಯದಲ್ಲಿ ಒಂದು ಪ್ರಯೋಗ ನಮ್ಮ ಓದುಗರಿಗೆ ವಿಶೇಷ ಸ್ವಾರಸ್ಯಕರವಾಗಿ ತೋರಬಹುದು. ಶೀನಾ ಅಯ್ಯಂಗಾರ್, ಮಾರ್ಕ್ ಲೆಪರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ೧೯೯೯ರಲ್ಲಿ ಅದನ್ನು ಪ್ರಕಟಿಸಿದರು. ಏಳರಿಂದ ಒಂಬತ್ತು ವರ್ಷದ ಮಕ್ಕಳಿಗೆ ಚದುರಿದ ಅಕ್ಷರಗಳನ್ನು ಜೋಡಿಸಿ ಪದ ಮಾಡುವ ಆಟ ಕೊಟ್ಟರು. ಕೆಲವರು ಆಟವನ್ನು ತಾವೇ ಆರಿಸಿಕೊಂಡರು. ಕೆಲವರಿಗೆ ಪರೀಕ್ಷಕರು ಆರಿಸಿದರು. ಉಳಿದವರಿಗೆ 'ನಿಮ್ಮ ತಾಯಿ ಇದನ್ನು ಆರಿಸಿದ್ದಾರೆ' ಎಂದು ಹೇಳಲಾಯಿತು. ಯೂರೋಪಿಯನ್ ಮೂಲದ ಅಮೆರಿಕನ್ ಮಕ್ಕಳು ತಾವೇ ಆರಿಸಿಕೊಂಡಾಗ ಎಲ್ಲಕ್ಕಿಂತ ಚೆನ್ನಾಗಿ ಆಡಿದರು. ಏಷ್ಯನ್ ಮೂಲದ ಅಮೆರಿಕನ್ ಮಕ್ಕಳು ಮಾತ್ರ ತಾಯಿ ಆರಿಸಿದಳೆಂದು ಕೇಳಿದಾಗ ಎಲ್ಲಕ್ಕಿಂತ ಚೆನ್ನಾಗಿ ಆಡಿದರು!

ಬೆರಗಿನ ಪಕ್ಷದವರು ಇದನ್ನು ತಮ್ಮ ಗೆಲುವೆಂದು ತಿಳಿಯಬಹುದು. ನಮಗೆ ಹಾಗೆ ತೋರುವುದಿಲ್ಲ. ತಾಯಿ ಆರಿಸಿದಳೆಂಬುದು ಆ ಮಕ್ಕಳಿಗೆ ತಿಳಿದಿತ್ತು ಎಂಬುದನ್ನು ಮರೆಯಬಾರದು. ಅವರಿಂದ ಏನನ್ನೂ ಮುಚ್ಚಿಡಲಿಲ್ಲ. ತಮ್ಮವರ ಇಷ್ಟದೊಡನೆ ತಮ್ಮ ಇಷ್ಟವನ್ನು ಹೊಂದಿಸಿಕೊಳ್ಳುವ ಮಕ್ಕಳಿಗೆ ಹಿರಿಯರ ಆಯ್ಕೆ ಭಾರವಾಗುವುದಿಲ್ಲ ಎಂಬುದಷ್ಟೇ ಇದರಿಂದ ತಿಳಿಯುವುದು. ಆದುದರಿಂದ ಕೂಡಿ ಯೋಜಿಸುವುದೆಂದರೆ ಮತ ಎಣಿಸುವುದಲ್ಲ. ಎಷ್ಟು ಖರ್ಚು, ಯಾವ ದಿನ, ಎಲ್ಲಿ ವಸತಿ ಎಂಬುದನ್ನು ಹಿರಿಯರೇ ನಿರ್ಧರಿಸಲಿ. ಆದರೆ ಏಕೆ ಹಾಗೆ ನಿರ್ಧರಿಸಿದೆವೆಂಬುದನ್ನು ಮಕ್ಕಳಿಗೆ ತಿಳಿಸಲಿ. ದಿನವೊಂದಕ್ಕೆ ಒಂದು ಆಯ್ಕೆಯನ್ನಾದರೂ ಮಕ್ಕಳಿಗೆ ಪೂರ್ತಿಯಾಗಿ ಬಿಡಲಿ. ಹಣಕ್ಕೆ ಮಿತಿಯುಂಟು, ಒಂದು ಬೇಕಾದರೆ ಇನ್ನೊಂದನ್ನು ಬಿಡಬೇಕು, ದೂರಕ್ಕೂ ವೇಗಕ್ಕೂ ಸಂಬಂಧವುಂಟು ಎಂಬ ಪಾಠಗಳನ್ನು ಇಷ್ಟು ಸವಿಯಾಗಿ ಕಲಿಸುವ ಸಂದರ್ಭ ಶಾಲೆಯಲ್ಲಿ ದೊರೆಯುವುದು ಅಪರೂಪ. ಮುಂದಾಲೋಚನೆಗೆ ಆಧಾರವಾದ ಮಿದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಿರುತ್ತದೆ. ಆ ಶಕ್ತಿಯನ್ನು ಬಳಸಲು ಕೊಡದೆ, ಹುಡುಗರಿಗೆ ಮುಂದಾಲೋಚನೆಯಿಲ್ಲ ಎಂದು ದೂರುವುದು ಯಾವ ನ್ಯಾಯ?

ಬೆರಗು ಯಾರಿಗಾಗಿ ಎಂಬ ಪ್ರಶ್ನೆಯನ್ನೂ ನೇರವಾಗಿ ಕೇಳಬೇಕಾಗಿದೆ. ಮಗುವಿನ ಮುಖ ಅರಳುವುದನ್ನು ನೋಡಬೇಕೆಂಬ ಆಸೆ ಸಹಜವಾದದ್ದು, ಪ್ರೀತಿಯಿಂದ ಹುಟ್ಟಿದ್ದು. ಅದನ್ನು ನಾವು ಹೀಗಳೆಯುವುದಿಲ್ಲ. ಆದರೆ ಕ್ಯಾಮೆರಾ ನಡುವೆ ಬಂದ ಕೂಡಲೇ ಪರಿಸ್ಥಿತಿ ಬದಲಾಗುತ್ತದೆ. ಮಗು ಕುಣಿಯಲೇಬೇಕೆಂದು ಹಿರಿಯರು ಕಾದುನಿಂತಿರುತ್ತಾರೆ. ನಿದ್ದೆಗಣ್ಣಿನ ಮಗುವಿಗೆ ಸುದ್ದಿ ಅರ್ಥವಾಗದೆ ಹೋಗಬಹುದು, ಅದು ಅಳಬಹುದು, ಗೆಳತಿಯ ಹುಟ್ಟುಹಬ್ಬ ತಪ್ಪಿಹೋಯಿತೆಂದು ಮುಖ ಬಾಡಬಹುದು. ಆಗ ತಂದೆತಾಯಿಗಳ ನಿರಾಶೆಯೂ ಮಗುವಿನ ತಲೆಯ ಮೇಲೆಯೇ ಬೀಳುತ್ತದೆ. ಆ ಚಿತ್ರವನ್ನು ಅಪರಿಚಿತರು ನೋಡಿ ನಗುವುದಾದರಂತೂ, ಅದಕ್ಕೆ ಮಗುವಿನ ಒಪ್ಪಿಗೆಯನ್ನು ಯಾರು ಕೇಳಿದರು? ಸಂಯುಕ್ತ ರಾಷ್ಟ್ರಸಂಸ್ಥೆ ೧೯೮೯ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ ೧೨ನೆಯ ವಿಧಿ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗೆ ಉಂಟೆಂದೂ, ವಯಸ್ಸಿಗೂ ಪ್ರೌಢಿಮೆಗೂ ತಕ್ಕಂತೆ ಅದಕ್ಕೆ ಬೆಲೆ ಕೊಡಬೇಕೆಂದೂ ಹೇಳುತ್ತದೆ. ಭಾರತ ೧೯೯೨ರಲ್ಲಿಯೇ ಅದಕ್ಕೆ ಸಮ್ಮತಿಯಿತ್ತಿತು. ಅಮೆರಿಕ ೧೯೯೫ರಲ್ಲಿ ಸಹಿ ಮಾಡಿದರೂ ಇನ್ನೂ ಸ್ಥಿರೀಕರಿಸಿಲ್ಲ. ರಜೆಯ ಪ್ರವಾಸವೇನೂ ನ್ಯಾಯಾಲಯದ ವಿಷಯವಲ್ಲ. ಆದರೂ ಸಂತೋಷದ ವಿಷಯದಲ್ಲಿಯೇ ಮಗುವಿನ ಮಾತನ್ನು ಕೇಳದ ಮನೆಯಲ್ಲಿ ಕಷ್ಟದ ವಿಷಯದಲ್ಲಿ ಕೇಳುವರೆಂದು ನಂಬುವುದು ಹೇಗೆ?

ಇನ್ನು, ಯೋಜನೆಯಿಂದ ಬೆರಗು ಸತ್ತುಹೋಗುತ್ತದೆಂಬ ಭಯಕ್ಕೆ ಉದ್ಯಾನಗಳನ್ನು ರಚಿಸಿದ ಶಿಲ್ಪಿಗಳೇ ಉತ್ತರ ಕೊಟ್ಟಿದ್ದಾರೆ. ಫ್ಲಾರಿಡಾದಲ್ಲಿ ೧೯೭೧ರ ಅಕ್ಟೋಬರ್ ೧ರಂದು ತೆರೆದ 'ಮ್ಯಾಜಿಕ್ ಕಿಂಗ್‌ಡಮ್' ಎಂಬ ಉದ್ಯಾನಕ್ಕೆ ಕಾರಿನಲ್ಲಿ ಬಂದವರು ನೇರವಾಗಿ ಬಾಗಿಲಿಗೆ ಹೋಗುವಂತಿಲ್ಲ. ಕಾರನ್ನು ದೂರದಲ್ಲಿ ನಿಲ್ಲಿಸಿ, ಒಂದು ವಿಸ್ತಾರವಾದ ಸರೋವರವನ್ನು ದೋಣಿಯಲ್ಲಿ ದಾಟಬೇಕು, ಇಲ್ಲವೇ ಮಾನೊರೈಲಿನಲ್ಲಿ ಸುತ್ತಿಬರಬೇಕು. ನೀರಿನಾಚೆ ೧೮೯ ಅಡಿ ಎತ್ತರದ ಸಿಂಡರೆಲಾಳ ಅರಮನೆ ಸಣ್ಣದಾಗಿ ಕಾಣಿಸಿಕೊಂಡು, ದೋಣಿ ಸಾಗಿದಂತೆ ದೊಡ್ಡದಾಗುತ್ತದೆ. ಒಳಹೊಕ್ಕ ಮೇಲೂ ನೀಳವಾದ ಬೀದಿಯ ಕೊನೆಯಲ್ಲಿ ಅದೇ ಅರಮನೆ ಎದುರಾಗಿ ನಿಂತು ಕೈಬೀಸಿ ಕರೆಯುತ್ತದೆ. ಮೊದಲು ತೋರಿಸು, ಕಾಯಿಸು, ಅನಂತರ ಕೊಡು: ಇದು ಆ ಶಿಲ್ಪಿಗಳ ಕ್ರಮ. ಅರಮನೆಯನ್ನು ಮುಂಚೆಯೇ ಕಂಡವರಿಗೂ ಮೂಲೆ ತಿರುಗಿದಾಗ ಹೊಸದೊಂದು ಕಾಣದೆ ಇರುವುದಿಲ್ಲ. ಕಾಯುವ ಸಾಲುಗಳನ್ನು ಕುರಿತು ಡೇವಿಡ್ ಮೈಸ್ಟರ್ ೧೯೮೫ರಲ್ಲಿ ಬರೆದ ಪ್ರಬಂಧದ ಮಾತುಗಳೂ ಇಲ್ಲಿ ಸಲ್ಲುತ್ತವೆ. ಕೆಲಸವಿಲ್ಲದೆ ಕಾಯುವ ಕಾಲ ದೀರ್ಘವೆನಿಸುತ್ತದೆ. ಎಷ್ಟು ಹೊತ್ತೆಂದು ತಿಳಿಯದೆ ಕಾಯುವ ಕಾಲ ಇನ್ನೂ ದೀರ್ಘವೆನಿಸುತ್ತದೆ. ಯೋಜನೆಯಲ್ಲಿ ಪಾಲುಗೊಂಡ ಮಗುವಿಗೆ ತಾನು ಯಾವುದಕ್ಕಾಗಿ, ಸುಮಾರು ಎಷ್ಟು ಹೊತ್ತು ಕಾಯಬೇಕೆಂಬುದು ಗೊತ್ತಿರುತ್ತದೆ. ಸುಮ್ಮನೆ ಎಳೆತಂದ ಮಗುವಿಗೆ ಸಾಲು ಬರಿಯ ಸಾಲಾಗಿಯೇ ಉಳಿಯುತ್ತದೆ.

ಯೋಜನೆಯೂ ಅತಿಯಾಗಬಾರದು ಎಂಬುದನ್ನು ಒಪ್ಪುತ್ತೇವೆ. ನಿಮಿಷನಿಮಿಷಕ್ಕೂ ವೇಳಾಪಟ್ಟಿ ಮಾಡಿಕೊಂಡು, ಅದು ತಪ್ಪಿದೊಡನೆ ಜಗಳಕ್ಕೆ ನಿಲ್ಲುವ ಕುಟುಂಬಕ್ಕೆ ಪ್ರವಾಸವೂ ಕಚೇರಿಯ ಕೆಲಸವಾಗುತ್ತದೆ. ಆದುದರಿಂದ ಒಂದು ಮಧ್ಯಾಹ್ನವನ್ನಾದರೂ ಖಾಲಿ ಬಿಡಬೇಕು. ಹಿರಿಯರು ಒಂದು ಚಿಕ್ಕ ಗುಟ್ಟನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿ: ರಾತ್ರಿಯ ಬಾಣಬಿರುಸು, ಮೆಚ್ಚಿನ ಒಂದು ತಿಂಡಿ, ಎದುರುನೋಡದ ಒಂದು ದೋಣಿವಿಹಾರ. ಪ್ರವಾಸದ ಬುನಾದಿ ಎಲ್ಲರಿಗೂ ತಿಳಿದಿರುವಾಗ ಇಂಥ ಬೆರಗು ಯಾರನ್ನೂ ಗಲಿಬಿಲಿಗೊಳಿಸದು.

ಇದೆಲ್ಲ ದೂರದ ನಾಡಿನ ಶ್ರೀಮಂತರ ಸಮಸ್ಯೆ ಎಂದು ನಮ್ಮ ತರುಣ ಓದುಗರು ತಳ್ಳಿಹಾಕಬಾರದು. ಬೆಂಗಳೂರಿನ ಬಳಿಯ ಬಿಡದಿಯಲ್ಲಿ ೨೦೦೫ರಿಂದ ವಂಡರ್‌ಲಾ ಉದ್ಯಾನ ನಡೆಯುತ್ತಿದೆ. ಅಲ್ಲಿಯೂ ಎತ್ತರದ ಕಟ್ಟಳೆಗಳುಂಟು, ಸಾಲುಗಳುಂಟು, ಟಿಕೆಟ್ಟಿನ ಲೆಕ್ಕವುಂಟು. ನಿಮ್ಮಲ್ಲಿ ಹಲವರಿಗೆ ತಮ್ಮತಂಗಿಯರಿದ್ದಾರೆ. ಮುಂದಿನ ಪ್ರವಾಸದ ಮಾತು ಮನೆಯಲ್ಲಿ ಎದ್ದಾಗ, ಚಿಕ್ಕವರ ಕೈಗೆ ಒಂದು ಹಾಳೆಯನ್ನೂ ಪೆನ್ಸಿಲನ್ನೂ ಕೊಟ್ಟು ಅವರಿಗೆ ಬೇಕಾದ ಮೂರು ಸಂಗತಿಗಳನ್ನೂ ಭಯವೆನಿಸುವ ಒಂದು ಸಂಗತಿಯನ್ನೂ ಬರೆಯಲು ಹೇಳಿರಿ. ಆ ಹಾಳೆಯನ್ನು ಹಿರಿಯರ ಮುಂದಿಟ್ಟು ಮಾತನಾಡಿರಿ. ಬರೆದ ಮೂರರಲ್ಲಿ ಒಂದೇ ನಡೆದರೂ ಅದು ಅವರದೇ ಆಗಿರುತ್ತದೆ. ಉಳಿದೆರಡು ಏಕೆ ನಡೆಯಲಿಲ್ಲವೆಂಬುದೂ ಅವರಿಗೆ ತಿಳಿದಿರುತ್ತದೆ.